ಅರವತ್ತು ಪಟ್ಟು ದೊಡ್ಡದಾಗಿ ಕಂಡರೆ ಸಾಕಾ? ದೂರದ ಬೇಟೆಗೆ ಸ್ಪಾಟಿಂಗ್ ಸ್ಕೋಪ್ ಆರಿಸುವ ಬಗೆ

ಅಮೆರಿಕದ ಕೊಲೊರಾಡೊ ರಾಜ್ಯದ ಬೆಟ್ಟಗಳಲ್ಲಿ ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ ಅಂದುಕೊಳ್ಳಿ. ಕಣಿವೆಯ ಆಚೆ ಬದಿಯಲ್ಲಿ, ಒಂದೂವರೆ ಕಿಲೋಮೀಟರ್ ದೂರದಲ್ಲಿ, ಒಂದು ಗಂಡು ಎಲ್ಕ್ ಮೇಯುತ್ತಿದೆ. ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ್ದೇ, ಅದಕ್ಕಿಂತ ದೊಡ್ಡದು. ಬೈನಾಕ್ಯುಲರ್ ಹಿಡಿದರೆ ತಲೆಯ ಮೇಲೆ ಕೊಂಬಿದೆ ಅನ್ನುವಷ್ಟು ತಿಳಿಯುತ್ತದೆ. ಆದರೆ ಆ ರಾಜ್ಯದ ಅನೇಕ ಬೇಟೆ ವಲಯಗಳಲ್ಲಿ ಬರೀ ಕೊಂಬಿದ್ದರೆ ಸಾಲದು. ಒಂದು ಕಡೆಯ ಕೊಂಬಿನಲ್ಲಾದರೂ ನಾಲ್ಕು ಕವಲು ಇರಬೇಕು. ಇಲ್ಲವೇ ಹುಬ್ಬಿನ ಹತ್ತಿರದಿಂದ ಮುಂದಕ್ಕೆ ಚಾಚುವ ಕವಲು ಕನಿಷ್ಠ 5 ಇಂಚು ಉದ್ದ ಇರಬೇಕು. ಎರಡೂ ಇಲ್ಲದ ಎಳೆ ಗಂಡನ್ನು ಹೊಡೆದರೆ ಅದು ಕಾನೂನಿನ ಪ್ರಕಾರ ಅಪರಾಧ.

ಹತ್ತಿರ ಹೋಗಿ ಎಣಿಸೋಣ ಅಂದರೆ ಕಣಿವೆ ಇಳಿಯಬೇಕು, ಹಳ್ಳ ದಾಟಬೇಕು, ಆಚೆ ಬೆಟ್ಟ ಹತ್ತಬೇಕು. ಎರಡು ಮೂರು ಗಂಟೆ ಹೋಯಿತು. ಅಷ್ಟರಲ್ಲಿ ಗಾಳಿಯಲ್ಲಿ ನಿಮ್ಮ ವಾಸನೆ ಹತ್ತಿ ಅದು ಕಾಡು ಸೇರಿರುತ್ತದೆ. ಇನ್ನೊಂದು ದಾರಿ, ಕೂತಲ್ಲೇ ಕೂತು ಎಣಿಸುವುದು. ಸ್ಪಾಟಿಂಗ್ ಸ್ಕೋಪ್, ಅಂದರೆ ಟ್ರೈಪಾಡಿನ ಮೇಲಿಟ್ಟು ಒಂದೇ ಕಣ್ಣಿನಲ್ಲಿ ನೋಡುವ ಪುಟ್ಟ ದೂರದರ್ಶಕ, ಇರುವುದು ಅದಕ್ಕೆ.

ಹೆಚ್ಚಿನ ಸಲ ಅದು ಕೊಡುವ ಉತ್ತರ "ಇದು ಬೇಡ, ಬಿಡು" ಅಂತಲೇ. ಸುಮ್ನೆ ನಡೆಯುವುದನ್ನು ತಪ್ಪಿಸುವುದು, ತಪ್ಪು ಪ್ರಾಣಿಗೆ ಗುಂಡು ಬೀಳದಂತೆ ನೋಡಿಕೊಳ್ಳುವುದು, ಇವೆರಡೇ ಅದರ ದೊಡ್ಡ ಕೆಲಸ. ಇಷ್ಟು ತಲೆಯಲ್ಲಿದ್ದರೆ, ಕೊಳ್ಳುವಾಗ ಡಬ್ಬದ ಮೇಲಿನ ಯಾವ ಅಂಕಿಗೆ ಬೆಲೆ ಕೊಡಬೇಕು, ಯಾವುದಕ್ಕೆ ಮರುಳಾಗಬಾರದು ಅನ್ನುವುದು ತಾನಾಗೇ ತಿಳಿಯುತ್ತದೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರಲ್ಲಿ ಆದ ತಿದ್ದುಪಡಿ, ಇವು ಬಂದ ಮೇಲೆ ಶಿಕಾರಿ ಅಪರಾಧ. ಇಲ್ಲಿ ಬರೆದಿರುವುದು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ, ಲೈಸೆನ್ಸ್ ಪಡೆದು, ಗೊತ್ತುಮಾಡಿದ ದಿನಗಳಲ್ಲಿ ಆಡುವ ಬೇಟೆಯ ಬಗ್ಗೆ. ಅಲ್ಲಿರುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬಹುದು. ಇಲ್ಲಿರುವವರಿಗೂ ವ್ಯರ್ಥವಲ್ಲ. ಕೆರೆ ದಂಡೆಯಲ್ಲಿ ಹಕ್ಕಿ ನೋಡುವವರು ಹೊತ್ತು ತರುವುದೂ ಇದೇ ಸ್ಕೋಪ್, ಲೆಕ್ಕಾಚಾರವೂ ಇದೇ.

ಮೂರು ಗಾಜು, ಮೂರು ಕೆಲಸ

ಹೊಸಬರು ಕೇಳುವ ಪ್ರಶ್ನೆ: ಕೋವಿಯ ಮೇಲೇ ಸ್ಕೋಪ್ ಇದೆಯಲ್ಲ, ಅದರಲ್ಲೇ ನೋಡಿದರಾಯಿತಲ್ವಾ? ಆಗಲೇ ಕೂಡದು. ಕೋವಿಯ ಸ್ಕೋಪಿನಲ್ಲಿ ಏನನ್ನು ನೋಡಿದರೂ ನಳಿಗೆ ಅತ್ತಲೇ ತಿರುಗಿರುತ್ತದೆ. ಪೊದೆಯ ಹಿಂದೆ ಅಲ್ಲಾಡಿದ್ದು ಜಿಂಕೆಯೋ ಮನುಷ್ಯನೋ ಅಂತ ನೋಡಲು ಕೋವಿ ಎತ್ತಿದಿರಿ ಅಂದರೆ, ಮನುಷ್ಯನೇ ಆಗಿದ್ದರೆ ಅವನ ಎದೆಗೆ ಗುರಿ ಹಿಡಿದಂತಾಯಿತು. ಕೊಲೊರಾಡೊದಲ್ಲಿ ರೈಫಲ್ ಬೇಟೆಗೆ ಹೋಗುವವರು ಸೊಂಟದಿಂದ ಮೇಲೆ 500 ಚದರ ಇಂಚಿನಷ್ಟು ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ, ಅದೇ ಬಣ್ಣದ ಟೋಪಿ ಹಾಕಲೇಬೇಕು ಅನ್ನುವ ನಿಯಮ ಇರುವುದೂ ಈ ಭಯಕ್ಕೇ. ಹುಡುಕಾಟಕ್ಕೆ ಕೋವಿ ಎತ್ತುವವರ ಜೊತೆ ಬೆಟ್ಟಕ್ಕೆ ಹೋಗದಿರುವುದೇ ಒಳ್ಳೆಯದು.

ಹುಡುಕಲು ಬೈನಾಕ್ಯುಲರ್. 10×42, ಅಂದರೆ 10 ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಗಾಜಿನ ಅಳತೆ ಎಲ್ಲರಲ್ಲೂ ಇರುತ್ತದೆ. ಎರಡೂ ಕಣ್ಣು ತೆರೆದಿರುತ್ತವೆ, ಅಗಲವಾದ ಜಾಗ ಕಾಣುತ್ತದೆ, ಗಂಟೆಗಟ್ಟಲೆ ನೋಡಿದರೂ ಕಣ್ಣು ಸೋಲುವುದಿಲ್ಲ. ಬೆಟ್ಟದ ಬದಿಯನ್ನು ಮನಸ್ಸಿನಲ್ಲೇ ಪಟ್ಟೆ ಪಟ್ಟೆಯಾಗಿ ಕೊಯ್ದುಕೊಂಡು ಒಂದೊಂದನ್ನೇ ನಿಧಾನವಾಗಿ ನೋಡುತ್ತಾ ಹೋಗುವುದು ರೂಢಿ. ಇಡೀ ಪ್ರಾಣಿ ಕಾಣುವುದು ಅಪರೂಪ. ಮರಗಳೆಲ್ಲ ನೆಟ್ಟಗೆ ನಿಂತಿರುವ ಕಡೆ ಅಡ್ಡಡ್ಡಲಾಗಿ ಒಂದು ಬೆನ್ನಿನ ಗೆರೆ, ಅಲ್ಲಾಡಿದ ಒಂದು ಕಿವಿ, ಎಲ್ಕಿನ ಮಾಸಲು ಕೆನೆ ಬಣ್ಣದ ಹಿಂಭಾಗ, ಇಷ್ಟೇ. ಹಾಗೆ ಸಿಕ್ಕ ಆ ಚೂರು ಏನು ಎಂದು ತೀರ್ಮಾನಿಸಲು ಸ್ಪಾಟಿಂಗ್ ಸ್ಕೋಪ್. ಆಮೇಲೆ, ಎಲ್ಲ ಸರಿಯಿದ್ದರೆ ಮಾತ್ರ, ಕೋವಿಯ ಸ್ಕೋಪ್.

20-60×80 ಅಂದರೆ ಏನು

ಸ್ಕೋಪಿನ ಮೈಮೇಲೆ ಹೀಗೊಂದು ಬರಹ ಇರುತ್ತದೆ. ಮೊದಲ ಎರಡು ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಇಲ್ಲಿ 20ರಿಂದ 60 ಪಟ್ಟಿನವರೆಗೆ ಜೂಮ್ ಮಾಡಬಹುದು. ಕೊನೆಯ 80, ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ.

ಪಟ್ಟಿನ ಲೆಕ್ಕ ಸುಲಭ. ದೂರವನ್ನು ಅದರಿಂದ ಭಾಗಿಸಿ. 1,500 ಮೀಟರ್ ಆಚೆಯ ಎಲ್ಕ್ 10 ಪಟ್ಟಿನ ಬೈನಾಕ್ಯುಲರಿನಲ್ಲಿ 150 ಮೀಟರ್ ದೂರದಲ್ಲಿ ನಿಂತಂತೆ ಕಾಣುತ್ತದೆ. 30 ಪಟ್ಟಿನಲ್ಲಿ 50 ಮೀಟರ್. 60 ಪಟ್ಟಿನಲ್ಲಿ 25 ಮೀಟರ್. ಐದಿಂಚಿನ ಒಂದು ಕವಲನ್ನು 150 ಮೀಟರಿನಿಂದ ಬರಿಗಣ್ಣಲ್ಲಿ ಅಳೆಯುವುದು ಕಷ್ಟ, 50 ಮೀಟರಿನಿಂದ ಅಂದಾಜು ಸಿಗುತ್ತದೆ. ಹಾಗಾದರೆ 25 ಮೀಟರ್ ಇನ್ನೂ ಚೆನ್ನಲ್ವಾ? ಕಾಗದದ ಮೇಲೆ ಹೌದು. ಬೆಟ್ಟದ ಮೇಲೆ ಸಾಮಾನ್ಯವಾಗಿ ಅಲ್ಲ. ಅದಕ್ಕೆ ಎರಡು ಕಾರಣ. ಒಂದು ಬೆಳಕು, ಇನ್ನೊಂದು ಗಾಳಿ.

ಬೆಳಕಿನದ್ದು ಮೊದಲು ನೋಡೋಣ. ಸ್ಕೋಪನ್ನು ಆಕಾಶದ ಕಡೆ ತಿರುಗಿಸಿ, ಐಪೀಸನ್ನು, ಅಂದರೆ ಕಣ್ಣಿಡುವ ಕಡೆಯ ಗಾಜನ್ನು, ಒಂದು ಕೈಯಳತೆ ದೂರದಿಂದ ನೋಡಿ. ಸೂರ್ಯ ಇರುವ ಕಡೆ ಮಾತ್ರ ಬೇಡ, ಕಣ್ಣು ಹೋಗುತ್ತದೆ. ಐಪೀಸಿನ ನಡುವೆ ಒಂದು ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ಸ್ಕೋಪ್ ಒಟ್ಟುಮಾಡಿದ ಬೆಳಕೆಲ್ಲ ಕಣ್ಣಿಗೆ ಬರುವುದು ಆ ಬಿಲ್ಲೆಯ ಮೂಲಕವೇ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಬಿಲ್ಲೆಯ ಅಳತೆ ಸಿಗುತ್ತದೆ. 80 ಮಿ.ಮೀ. ಗಾಜಿಗೆ 20 ಪಟ್ಟಿನಲ್ಲಿ 4 ಮಿ.ಮೀ., 40ರಲ್ಲಿ 2, 60ರಲ್ಲಿ ಬರೀ 1.3. ನಡು ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿ.ಮೀ. ಇರುತ್ತದೆ. ನಸುಕಿನಲ್ಲಿ ಅದು ಐದು, ಆರು ಮಿ.ಮೀ.ವರೆಗೂ ಅರಳುತ್ತದೆ. ವಯಸ್ಸಾದವರಲ್ಲಿ ಅಷ್ಟು ಅರಳುವುದಿಲ್ಲ. ಅರಳಿದ ಪಾಪೆಗೆ 1.3 ಮಿ.ಮೀ. ಬಿಲ್ಲೆ ಕೊಟ್ಟರೆ ಚಿತ್ರ ಕಪ್ಪಿಡುತ್ತದೆ.

ಪ್ರಾಣಿಗಳು ಓಡಾಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಕೊಲೊರಾಡೊದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಒಪ್ಪಿಗೆ ಇರುವ ಹೊತ್ತು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಶುರುವಾಗಿ ಸೂರ್ಯಾಸ್ತವಾದ ಅರ್ಧ ಗಂಟೆಗೆ ಮುಗಿಯುತ್ತದೆ. ಅಂದರೆ ಸ್ಕೋಪ್ ಅತಿ ಹೆಚ್ಚು ಬೇಕಾಗುವ ಹೊತ್ತಿನಲ್ಲೇ 60 ಪಟ್ಟು ಕೈಕೊಡುತ್ತದೆ. ಆಗ ಎಲ್ಲರೂ ಜೂಮನ್ನು 20, 25ಕ್ಕೆ ಇಳಿಸುತ್ತಾರೆ. ನೋಟದ ಅಗಲವೂ ಇದರ ಜೊತೆಗೇ ಇದೆ. ಒಂದು ಕಿಲೋಮೀಟರ್ ದೂರದಲ್ಲಿ 20 ಪಟ್ಟಿಗೆ ಸುಮಾರು 35ರಿಂದ 40 ಮೀಟರ್ ಅಗಲದ ಜಾಗ ಕಂಡರೆ, 60 ಪಟ್ಟಿಗೆ ಅದರ ಅರ್ಧ. ಪ್ರಾಣಿ ನಾಲ್ಕು ಹೆಜ್ಜೆ ಸರಿದರೆ ಮತ್ತೆ ಹುಡುಕಬೇಕು.

ಆದ್ದರಿಂದ ನನ್ನ ಪ್ರಕಾರ ಕೊಳ್ಳುವಾಗ ಮೊದಲು ನೋಡಬೇಕಾದ್ದು ಜೂಮಿನ ಕೆಳಗಿನ ಅಂಕಿ. 27-60×85 ಒಳ್ಳೆಯ ಸ್ಕೋಪೇ ಇರಬಹುದು, ಆದರೆ 27ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಲ್ಯೂಪೋಲ್ಡ್ ಕಂಪನಿಯ 12-40×60 ಮಾದರಿಯನ್ನು ಹಳೆಯ ಬೇಟೆಗಾರರು ಇವತ್ತಿಗೂ ಹೊಗಳುವುದು ಆ 12ರ ಸಲುವಾಗಿಯೇ. ಅದರಲ್ಲಿ ಹುಡುಕಲೂಬಹುದು, ತೀರ್ಮಾನಿಸಲೂಬಹುದು.

ಗಾಳಿ ಎಂಬ ಇನ್ನೊಂದು ಲೆನ್ಸ್

ಇದನ್ನು ಅಂಗಡಿಯವರು ಹೇಳುವುದಿಲ್ಲ. ನಿಮಗೂ ಪ್ರಾಣಿಗೂ ನಡುವೆ ಒಂದೂವರೆ ಕಿಲೋಮೀಟರ್ ಉದ್ದದ ಗಾಳಿ ಇದೆ. ಬಿಸಿಲೇರಿದಂತೆ ನೆಲ ಕಾಯುತ್ತದೆ, ಬಿಸಿ ಗಾಳಿ ಮೇಲೇಳುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಬಿಸಿ ಗಾಳಿ, ತಣ್ಣನೆ ಗಾಳಿ ಬೆಳಕನ್ನು ಬೇರೆ ಬೇರೆಯಾಗಿ ಬಾಗಿಸುತ್ತವೆ. ಸ್ಕೋಪಿನಲ್ಲಿ ನೋಡಿದರೆ ಚಿತ್ರ ಪೂರ್ತಿ ಕುದಿಯುತ್ತಿರುತ್ತದೆ. ಕೊಂಬು ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಪಟ್ಟು ಹೆಚ್ಚಿಸಿದರೆ ಕುದಿತವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ.

ಲೆಕ್ಕ ಬೇಕಾದವರಿಗೆ: 80 ಮಿ.ಮೀ. ಗಾಜು ಸಿದ್ಧಾಂತದ ಪ್ರಕಾರ ಸುಮಾರು 1.45 ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿ ಕೋನದ 3,600ನೇ ಒಂದು ಭಾಗ) ಸೂಕ್ಷ್ಮ ವಿವರವನ್ನು ಬಿಡಿಸಿ ತೋರಿಸಬಲ್ಲದು. ಒಂದು ಕಿಲೋಮೀಟರ್ ದೂರದಲ್ಲಿ ಅದು 7 ಮಿಲಿಮೀಟರ್. ಒಂದು .30 ಕ್ಯಾಲಿಬರ್ ಗುಂಡು ಕಾಗದದಲ್ಲಿ ಮಾಡುವ ತೂತು ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಹಾಗಂತ ಒಂದು ಕಿಲೋಮೀಟರ್ ಆಚೆಯ ಕಾಗದದ ಮೇಲಿನ ತೂತು ಮಧ್ಯಾಹ್ನ ಯಾರಿಗಾದರೂ ಕಾಣುತ್ತದೆಯೇ? ಇಲ್ಲ. ಗಾಜು ತೋರಿಸಲು ತಯಾರಿದ್ದರೂ ಗಾಳಿ ಬಿಡುವುದಿಲ್ಲ. ನಮ್ಮ ಕಣ್ಣು ಸುಮಾರು 60 ಆರ್ಕ್‌ಸೆಕೆಂಡ್ ವಿವರವನ್ನು ಗುರುತಿಸುತ್ತದೆ. ಹಾಗಾಗಿ 80 ಮಿ.ಮೀ. ಗಾಜು ಕೊಡುವ ವಿವರವೆಲ್ಲ ಸುಮಾರು 40 ಪಟ್ಟಿಗೇ ಕಣ್ಣಿಗೆ ತಲುಪಿಬಿಡುತ್ತದೆ. ಅದರಾಚೆ ಚಿತ್ರ ದೊಡ್ಡದಾಗುತ್ತದೆ, ಹೊಸದೇನೂ ಕಾಣುವುದಿಲ್ಲ. ಸ್ವಲ್ಪ ಮೇಲೆ ಹೋದರೆ ನೋಡಲು ಹಾಯೆನಿಸುತ್ತದೆ ಅನ್ನುವುದು ನಿಜ. ಆದರೆ ದೊಡ್ಡ ಪಟ್ಟಿಗಾಗಿ ಹೆಚ್ಚಿಗೆ ದುಡ್ಡು ಸುರಿಯುವುದು ದಂಡ.

ಬೆಳಗಿನ ಮೊದಲ ಒಂದೆರಡು ಗಂಟೆ ಗಾಳಿ ಶಾಂತವಾಗಿರುತ್ತದೆ. ಮೋಡ ಕವಿದ ದಿನವೂ ಹಾಗೇ. ಬಿಸಿಲಿನಲ್ಲಿ ನೋಡಲೇಬೇಕಾದರೆ ಎತ್ತರದಲ್ಲಿ ಕೂತು, ನೋಟದ ಗೆರೆ ನೆಲಕ್ಕೆ ತಾಗದಂತೆ ಕಣಿವೆಯ ಮೇಲಿನಿಂದ ಹಾಯುವ ಜಾಗ ಹುಡುಕಿ. ಇನ್ನೊಂದು ವಿಷಯ. ಹೀಟರ್ ಹಾಕಿದ ಕಾರಿನ ಕಿಟಕಿಯಿಂದ ಸ್ಕೋಪ್ ಹೊರಚಾಚಿ ನೋಡಿ "ಇದು ಮಸುಕು, ಗಾಜು ಸರಿಯಿಲ್ಲ" ಅನ್ನುವವರಿದ್ದಾರೆ. ಕಿಟಕಿಯಿಂದ ಹೊರಹೋಗುವ ಬಿಸಿ ಗಾಳಿ ಮಸೂರದ ಮುಂದೆಯೇ ಕುದಿಯುತ್ತಿರುತ್ತದೆ, ಪಾಪ ಗಾಜು ಏನು ಮಾಡೀತು! ಬೆಚ್ಚಗಿದ್ದ ಸ್ಕೋಪನ್ನು ಹಿಮದಲ್ಲಿ ಹೊರಗಿಟ್ಟ ಕೂಡಲೇ ನೋಡಿದರೂ ಇದೇ ಕತೆ. ಒಳಗಿನ ಗಾಜು ಹೊರಗಿನ ಚಳಿಗೆ ಹೊಂದಿಕೊಳ್ಳಲು ಕಾಲು ಗಂಟೆ, ಇಪ್ಪತ್ತು ನಿಮಿಷ ಬೇಕು.

ಗಾಳಿಯ ಈ ಕುದಿತ ಒಂದು ರೀತಿಯಲ್ಲಿ ಉಪಯೋಗಕ್ಕೂ ಬರುತ್ತದೆ. ಫೋಕಸ್ ಅನ್ನು ಗುರಿಗಿಂತ ತುಸು ಈಚೆಗೆ ತಂದರೆ ಬಿಸಿಲ್ಗುದುರೆಯ ಅಲೆಗಳು ಯಾವ ಕಡೆ ಹರಿಯುತ್ತಿವೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಬಲಕ್ಕೆ ವಾಲಿ ಹರಿದರೆ ಗಾಳಿ ಎಡದಿಂದ ಬೀಸುತ್ತಿದೆ. ಹೆಚ್ಚು ಮಲಗಿದಂತೆ ಹರಿದರೆ ಜೋರಾಗಿದೆ. ನೇರ ಮೇಲಕ್ಕೆ ಕುದಿಯುತ್ತಿದ್ದರೆ ಗಾಳಿಯಿಲ್ಲ, ಅಥವಾ ನಿಮ್ಮ ನೋಟದ ಗೆರೆಯುದ್ದಕ್ಕೇ ಬೀಸುತ್ತಿದೆ. ದೂರದ ಗುರಿ ಹೊಡೆಯುವವರಿಗೆ ಈ ಓದು ಬಹಳ ಮುಖ್ಯ.

ಗಾಜಿನ ಗುಣ

ಒಂದೇ 20-60×80 ಅಳತೆಯಲ್ಲಿ 300 ಡಾಲರಿನದ್ದೂ ಇದೆ, ಮೂರು ಸಾವಿರ ದಾಟಿದ್ದೂ ಇದೆ. ವ್ಯತ್ಯಾಸ ಎಲ್ಲಿ?

ಮೊದಲನೆಯದು ಗಾಜೇ. ಸಾಮಾನ್ಯ ಗಾಜು ಕೆಂಪು, ಹಸಿರು, ನೀಲಿ ಬೆಳಕನ್ನು ಒಂದೇ ಜಾಗಕ್ಕೆ ಕೂಡಿಸುವುದಿಲ್ಲ. ಹಿಮದ ಎದುರು ನಿಂತ ಕಪ್ಪು ಕೊಂಬಿನ ಅಂಚಿಗೆ ನೇರಳೆ ಅಥವಾ ಹಸಿರು ಬಣ್ಣದ ಗೆರೆ ಅಂಟಿಕೊಂಡಂತೆ ಕಾಣುತ್ತದೆ. 20 ಪಟ್ಟಿನಲ್ಲಿ ಲೆಕ್ಕಕ್ಕಿಲ್ಲ, 50 ಪಟ್ಟಿನಲ್ಲಿ ಕವಲಿನ ತುದಿ ಎಲ್ಲಿ ಮುಗಿಯಿತು ಅಂತಲೇ ತಿಳಿಯುವುದಿಲ್ಲ. ಇ.ಡಿ. ಗಾಜು ಅನ್ನುವುದು ಇದನ್ನು ಬಹಳ ಮಟ್ಟಿಗೆ ಸರಿಪಡಿಸುತ್ತದೆ. ಫ್ಲೋರೈಟ್ ಹರಳು ಇನ್ನೂ ಮೇಲು. ಜಪಾನಿನ ಕೋವಾ ಕಂಪನಿಯ 88 ಮಿ.ಮೀ. ಸ್ಕೋಪುಗಳಿಗೆ ಹೆಸರು ಬಂದಿರುವುದು ಈ ಹರಳಿನಿಂದ. ಎಚ್.ಡಿ. ಅನ್ನುವ ಅಕ್ಷರಗಳಿಗೆ ಮಾತ್ರ ಹೆಚ್ಚು ಬೆಲೆ ಕೊಡಬೇಡಿ. ಅದಕ್ಕೆ ಗೊತ್ತಾದ ಅಳತೆ ಇಲ್ಲ, ಒಂದೊಂದು ಕಂಪನಿ ಒಂದೊಂದು ಅರ್ಥದಲ್ಲಿ ಹಾಕಿಕೊಳ್ಳುತ್ತದೆ.

ಎರಡನೆಯದು ಲೇಪನ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲೂ ಶೇ. 4ರಷ್ಟು ಬೆಳಕು ಪ್ರತಿಫಲಿಸಿ ಹಿಂದೆ ಹೋಗುತ್ತದೆ. ಅಂಥ 16 ಮೇಲ್ಮೈ ದಾಟಿದರೆ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು, ಶೇ. 52. ಒಳ್ಳೆಯ ಬಹುಪದರದ ಲೇಪನವಿದ್ದರೆ ಪ್ರತಿ ಮೇಲ್ಮೈಯ ನಷ್ಟ ಶೇ. 0.5ಕ್ಕೆ ಇಳಿಯುತ್ತದೆ, ಕೊನೆಗೆ ಶೇ. 92 ಉಳಿಯುತ್ತದೆ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲಾ ಈ ಲೇಪನದ ವಿಧಾನಕ್ಕೆ ಪೇಟೆಂಟ್ ತಂದುಕೊಟ್ಟ ಮೇಲೆಯೇ ಇಷ್ಟೊಂದು ಗಾಜುಗಳಿರುವ ಜೂಮ್ ಸ್ಕೋಪುಗಳು ಸಾಧ್ಯವಾಗುವ ದಾರಿ ತೆರೆಯಿತು. ಡಬ್ಬದ ಮೇಲೆ "ಫುಲ್ಲಿ ಮಲ್ಟಿಕೋಟೆಡ್" ಅಂತ ಇರಬೇಕು. ಬರೀ "ಕೋಟೆಡ್" ಅಂದರೆ ಎಲ್ಲೋ ಒಂದೆರಡು ಗಾಜಿಗೆ ಒಂದು ಪದರ ಬಳಿದಿದ್ದಾರೆ ಅಂತ ಅರ್ಥ.

ಒಳಗೆ ಸಾರಜನಕ ಅಥವಾ ಆರ್ಗಾನ್ ತುಂಬಿ ಮುಚ್ಚಿರುವುದು, ನೀರು ಹೋಗದಂತಿರುವುದು, ಇವು ಈಗ ಸಾಧಾರಣ ಬೆಲೆಯ ಸ್ಕೋಪಿನಲ್ಲೂ ಇರುತ್ತವೆ. ಇಲ್ಲದ್ದನ್ನು ಕೊಳ್ಳಬೇಡಿ, ಅಷ್ಟೇ.

ಡಾಲ್ ಕುರಿಯ ಕೊಂಬಿನ ಉಂಗುರ

ಒಳ್ಳೆಯ ಗಾಜಿಗೆ ಬೇಟೆಗಾರರು ಸಾಲ ಮಾಡಿಯಾದರೂ ದುಡ್ಡು ಹಾಕುವುದು ಯಾಕೆ ಅಂತ ತಿಳಿಯಬೇಕಾದರೆ ಅಲಾಸ್ಕದ ಡಾಲ್ ಕುರಿಯ ಕಡೆ ನೋಡಬೇಕು. ಇದು ಬೆಳ್ಳಗಿನ ಕಾಡು ಕುರಿ, ಕಡಿದಾದ ಬಂಡೆಗಳ ಮೇಲೇ ಇರುತ್ತದೆ. ಅಲ್ಲಿ ಸಾಮಾನ್ಯ ನಿಯಮ ಹೀಗಿದೆ: ಟಗರಿನ ಒಂದು ಕೊಂಬಾದರೂ ಪಕ್ಕದಿಂದ ನೋಡಿದಾಗ ಪೂರ್ತಿ ಒಂದು ಸುತ್ತು, ಅಂದರೆ 360 ಡಿಗ್ರಿ ಸುತ್ತಿರಬೇಕು. ಇಲ್ಲವೇ ಎರಡೂ ಕೊಂಬಿನ ತುದಿ ಮುರಿದಿರಬೇಕು. ಇಲ್ಲವೇ ಅದಕ್ಕೆ ಕನಿಷ್ಠ 8 ವರ್ಷ ಆಗಿರಬೇಕು.

ವಯಸ್ಸು ಹೇಳುವುದು ಕೊಂಬೇ. ಬೇಸಿಗೆಯಲ್ಲಿ ಕೊಂಬು ಚುರುಕಾಗಿ ಬೆಳೆಯುತ್ತದೆ, ಚಳಿಗಾಲದಲ್ಲಿ ನಿಲ್ಲುತ್ತದೆ. ಪ್ರತಿ ಚಳಿಗಾಲವೂ ಕೊಂಬಿನ ಸುತ್ತ ಒಂದು ಆಳವಾದ ಗೆರೆ ಬಿಟ್ಟು ಹೋಗುತ್ತದೆ. ಆ ಗೆರೆಗಳನ್ನು ಎಣಿಸಬೇಕು. ಆದರೆ ಕೊಂಬಿನ ಮೇಲೆ ಸಣ್ಣ ಸಣ್ಣ ಏರಿಳಿತಗಳು ಬೇಕಾದಷ್ಟಿರುತ್ತವೆ. ಅವುಗಳಲ್ಲಿ ವರ್ಷದ ಗೆರೆ ಯಾವುದು, ಸುಳ್ಳು ಗೆರೆ ಯಾವುದು ಅಂತ ಬೇರ್ಪಡಿಸಬೇಕು. ಎಳವೆಯ ತುದಿ ಸವೆದು, ಮುರಿದು ಹೋಗಿರುತ್ತದೆ, ಅದನ್ನೂ ಲೆಕ್ಕಕ್ಕೆ ತರಬೇಕು. ಮುದಿ ಟಗರಾದರೆ ಬುಡದ ಹತ್ತಿರದ ಗೆರೆಗಳು ಒತ್ತೊತ್ತಾಗಿ ಕೂತಿರುತ್ತವೆ. ಇದನ್ನೆಲ್ಲ ಅರ್ಧ ಕಿಲೋಮೀಟರ್ ದೂರದಿಂದ, ಮಲಗಿ ಮೆಲುಕು ಹಾಕುತ್ತಿರುವ ಟಗರು ತಲೆ ತಿರುಗಿಸುವುದನ್ನೇ ಕಾಯುತ್ತಾ, ಚಳಿ ಗಾಳಿಯಲ್ಲಿ ಮಾಡಬೇಕು. ಏಳು ಎಣಿಸಿದಿರೋ ಎಂಟೋ ಅನ್ನುವ ಅನುಮಾನ ಉಳಿದರೆ ಎದ್ದು ವಾಪಸ್ ಬರಬೇಕು. ಇಂಥ ಕೆಲಸಕ್ಕೆ ಅಗ್ಗದ ಗಾಜು ಆಗಿಬರುವುದಿಲ್ಲ. ಅರಿಜೋನಾದ ಬಯಲಿನಲ್ಲಿ ಜಿಂಕೆ ಗಂಡೋ ಹೆಣ್ಣೋ ಅಂತಷ್ಟೇ ನೋಡಬೇಕಾದವರಿಗೆ ಮಧ್ಯಮ ಬೆಲೆಯದ್ದು ಧಾರಾಳ ಸಾಕು.

ಬಾಗಿದ ಐಪೀಸೋ, ನೇರವೋ

ಬಾಗಿದ ಮಾದರಿಯಲ್ಲಿ ಸಾಮಾನ್ಯವಾಗಿ ಐಪೀಸ್ 45 ಡಿಗ್ರಿ ಮೇಲಕ್ಕೆ ಬಾಗಿರುತ್ತದೆ, ಕತ್ತು ತಗ್ಗಿಸಿ ನೋಡಬೇಕು. ಗಂಟೆಗಟ್ಟಲೆ ಕೂತು ನೋಡಲು ಇದು ಹಿತ. ಮೇಲಿನ ಬೆಟ್ಟ ನೋಡುವಾಗ ಕತ್ತು ನೋಯುವುದಿಲ್ಲ. ಟ್ರೈಪಾಡ್ ಗಿಡ್ಡವಾಗಿದ್ದರೂ ನಡೆಯುತ್ತದೆ, ಹಾಗಾಗಿ ಗಾಳಿಗೆ ಕಮ್ಮಿ ಅಲ್ಲಾಡುತ್ತದೆ. ಎತ್ತರದವರು, ಗಿಡ್ಡವರು ಇಬ್ಬರೂ ಟ್ರೈಪಾಡಿನ ಎತ್ತರ ಬದಲಿಸದೇ ನೋಡಬಹುದು.

ನೇರ ಮಾದರಿಯಲ್ಲಿ ಬರಿಗಣ್ಣಿಗೆ ಕಂಡದ್ದು ಬೇಗ ಸಿಗುತ್ತದೆ, ಯಾಕೆಂದರೆ ಕಣ್ಣು ನೋಡುವ ದಿಕ್ಕಿಗೇ ಸ್ಕೋಪೂ ನೋಡುತ್ತಿರುತ್ತದೆ. ಕಾರಿನ ಕಿಟಕಿಗೆ ಸಿಕ್ಕಿಸಿ ನೋಡುವವರಿಗೆ, ಎತ್ತರದಿಂದ ಕೆಳಗೆ ನೋಡುವವರಿಗೆ, ಕೋವಿಯ ಪಕ್ಕ ಬೋರಲು ಮಲಗಿ ನೋಡುವವರಿಗೆ ಇದೇ ಸರಿ. ಮೊದಲ ಸ್ಕೋಪ್ ಕೊಳ್ಳುವವರಿಗೆ ನಾನು ಬಾಗಿದ್ದನ್ನೇ ಹೇಳುತ್ತೇನೆ. ಮೊದಮೊದಲು ಪ್ರಾಣಿ ಹುಡುಕಲು ಒದ್ದಾಟ ಆಗುತ್ತದೆ, ಸ್ವಲ್ಪ ದಿನದಲ್ಲಿ ಕೈ ಕೂಡುತ್ತದೆ. ಕತ್ತು ನೋವು ಮಾತ್ರ ಅಭ್ಯಾಸ ಆಗುವಂಥದ್ದಲ್ಲ.

ಟ್ರೈಪಾಡಿಗೆ ದುಡ್ಡು ಉಳಿಸಿಟ್ಟುಕೊಳ್ಳಿ

ಎಲ್ಲರೂ ಜಿಪುಣತನ ಮಾಡುವುದು ಇಲ್ಲೇ. ಎರಡು ಸಾವಿರ ಡಾಲರಿನ ಸ್ಕೋಪ್, ಅದಕ್ಕೆ ಐವತ್ತು ಡಾಲರಿನ ಟ್ರೈಪಾಡ್. ಕುಂಟು ಮೇಜಿನ ಮೇಲೆ ಹೊಲಿಗೆ ಯಂತ್ರ ಇಟ್ಟ ಹಾಗೆ. 40 ಪಟ್ಟು ದೊಡ್ಡದು ಮಾಡುವ ಸ್ಕೋಪ್ ನಡುಕವನ್ನೂ 40 ಪಟ್ಟು ಮಾಡುತ್ತದೆ. ಫೋಕಸ್ ತಿರುಗಿಸಲು ಬೆರಳಿಟ್ಟರೆ ಸಾಕು, ಚಿತ್ರ ಕುಣಿಯತೊಡಗುತ್ತದೆ. ಅದು ನಿಲ್ಲುವಷ್ಟರಲ್ಲಿ ಪ್ರಾಣಿ ತಿರುಗಿಬಿಟ್ಟಿರುತ್ತದೆ.

ಕಾರ್ಬನ್ ಫೈಬರ್ ಕಾಲುಗಳು ಹಗುರ, ನಡುಕವನ್ನೂ ಬೇಗ ಹೀರಿಕೊಳ್ಳುತ್ತವೆ. ಸ್ಕೋಪ್ ಕೂರಿಸುವ ತಲೆ ಮಾತ್ರ ವಿಡಿಯೊದವರು ಬಳಸುವಂಥ, ಮೆತ್ತಗೆ ತಿರುಗುವ ಫ್ಲೂಯಿಡ್ ಹೆಡ್ ಆಗಿರಲಿ. ಬಾಲ್ ಹೆಡ್ ಫೋಟೊಕ್ಕೆ ಸರಿ. ಇಲ್ಲಿ ಗುಂಡಿ ಸಡಿಲಿಸಿದರೆ ಸ್ಕೋಪ್ ಧೊಪ್ಪೆಂದು ಮೂಗು ನೆಲಕ್ಕಿಡುತ್ತದೆ. ನಡುವಿನ ಕಂಬವನ್ನು ಆದಷ್ಟು ಎತ್ತಬೇಡಿ, ಅದೇ ಅಲ್ಲಾಟದ ಮೂಲ. ನೆಲದ ಮೇಲೆ ಕೂತು, ಕಾಲುಗಳನ್ನು ಅಗಲಿಸಿ, ಟ್ರೈಪಾಡಿನ ಕೊಕ್ಕೆಗೆ ಬೆನ್ನುಚೀಲ ತೂಗುಹಾಕಿದರೆ ಗಾಳಿಯಲ್ಲೂ ನಿಲ್ಲುತ್ತದೆ. ನನ್ನ ಅಂದಾಜಿನಲ್ಲಿ ಒಟ್ಟು ಬಜೆಟ್ಟಿನ ನಾಲ್ಕನೇ ಒಂದು ಭಾಗ ಟ್ರೈಪಾಡು ಮತ್ತು ತಲೆಗೇ ಹೋಗಬೇಕು. ಈಗಿರುವ ಬೈನಾಕ್ಯುಲರನ್ನೂ ಅದೇ ಟ್ರೈಪಾಡಿಗೆ ಕೂರಿಸಿ ನೋಡಿ. ಕೈಯಲ್ಲಿ ಹಿಡಿದಾಗ ಕಾಣದಿದ್ದ ಪ್ರಾಣಿಗಳು ಕಾಣತೊಡಗುತ್ತವೆ. ಕೆಲವರಿಗೆ ಅಲ್ಲಿಗೇ ಸ್ಕೋಪಿನ ಆಸೆ ಮುಗಿದರೂ ಆಶ್ಚರ್ಯವಿಲ್ಲ.

ಹೊರುವವರು ಯಾರು

85 ಮಿ.ಮೀ. ಸ್ಕೋಪ್ ಒಂದರ ತೂಕ ಎರಡು ಕಿಲೋಗೆ ಹತ್ತಿರ. ಟ್ರೈಪಾಡ್, ತಲೆ ಸೇರಿದರೆ ನಾಲ್ಕು ಕಿಲೋ ಆಗಬಹುದು. ಟ್ರಕ್ಕು ನಿಲ್ಲಿಸಿ ಅಲ್ಲೇ ನೋಡುವವರಿಗೆ ಇದು ಭಾರವೇ ಅಲ್ಲ. ಐದು ದಿನದ ಊಟ, ಟೆಂಟು, ಕೋವಿ ಎಲ್ಲ ಬೆನ್ನಿಗೇರಿಸಿಕೊಂಡು 3,000 ಮೀಟರ್ ಎತ್ತರದಲ್ಲಿ ನಡೆಯುವವರಿಗೆ ಪ್ರತಿ ನೂರು ಗ್ರಾಮೂ ಗೊತ್ತಾಗುತ್ತದೆ. ಅವರಿಗೆ 50ರಿಂದ 65 ಮಿ.ಮೀ. ಒಳ್ಳೆಯದು. 50 ಮಿ.ಮೀ. ಸ್ಕೋಪುಗಳು ಮುಕ್ಕಾಲು ಕಿಲೋದ ಆಸುಪಾಸಿನಲ್ಲಿ ಸಿಗುತ್ತವೆ, ಆದರೆ ಮುಸ್ಸಂಜೆಗೆ ಬೇಗ ಸೋಲುತ್ತವೆ. 65 ಒಂದು ಹದವಾದ ರಾಜಿ. ಒಂದೇ ಸ್ಕೋಪ್ ಕೊಳ್ಳುವುದಾದರೆ ನಾನು ಅದನ್ನೇ ಕೊಳ್ಳುತ್ತೇನೆ, ಅದರಲ್ಲಿ ಉಳಿದ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನ ಗಾಜು ತೆಗೆದುಕೊಳ್ಳುತ್ತೇನೆ. ಆಸ್ಟ್ರಿಯಾದ ಸ್ವರೋವ್‌ಸ್ಕಿಯವರ ಒಂದು ಮಾದರಿಯಲ್ಲಿ ಐಪೀಸ್ ಒಂದೇ, ಮುಂದಿನ ಭಾಗ ಮಾತ್ರ 65, 85, 95, 115 ಅಂತ ಬದಲಾಯಿಸಬಹುದು. ಉಪಾಯ ಚೆನ್ನಾಗಿದೆ, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಗುಂಡಿನ ಜಾಡು ನೋಡುವವನಿಗೆ

ದೂರದ ಗುರಿಗೆ ಹೊಡೆಯುವಾಗ ಜೊತೆಗೊಬ್ಬ ಸ್ಕೋಪಿನಲ್ಲಿ ನೋಡುತ್ತಿರುತ್ತಾನೆ. ಕೋವಿ ಒದ್ದಾಗ ಹೊಡೆದವನಿಗೆ ಗುಂಡು ಎಲ್ಲಿ ಬಿತ್ತು ಅಂತ ಕಾಣುವುದಿಲ್ಲ. ಪಕ್ಕದವನಿಗೆ ಕಾಣುತ್ತದೆ. ಅವನು ಕೋವಿಯ ನೇರ ಹಿಂದೆ, ನಳಿಗೆಗಿಂತ ತುಸು ಮೇಲೆ ಕೂತರೆ ಗುಂಡು ಗಾಳಿಯನ್ನು ಸೀಳಿದ ಜಾಡು ಕೂಡ ನೀರಿನಲ್ಲಿ ಎದ್ದ ಅಲೆಯಂತೆ ಒಂದು ಕ್ಷಣ ಕಾಣುತ್ತದೆ. ಇದಕ್ಕೂ 20, 25 ಪಟ್ಟೇ ಬೇಕು, ಅಗಲ ನೋಟ ಬೇಕು.

ಈ ಕೆಲಸಕ್ಕೆ ಒಳಗೆ ಅಳತೆಯ ಗೆರೆಗಳಿರುವ ಸ್ಕೋಪ್ ಸಿಗುತ್ತದೆ. ಗೆರೆಗಳು ಮಿಲ್ ಲೆಕ್ಕದಲ್ಲಿರುತ್ತವೆ, ಇಲ್ಲವೇ ಎಂ.ಓ.ಎ. (ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಭಾಗ) ಲೆಕ್ಕದಲ್ಲಿ. ಒಂದು ಮಿಲ್ ಅಂದರೆ 100 ಮೀಟರಿಗೆ 10 ಸೆಂಟಿಮೀಟರ್, 800 ಮೀಟರಿಗೆ 80. ಗುಂಡು ಅರ್ಧ ಮಿಲ್ ಎಡಕ್ಕೆ ಬಿತ್ತು ಅಂತ ಪಕ್ಕದವನು ಹೇಳಿದರೆ, ಹೊಡೆಯುವವನು ತನ್ನ ಸ್ಕೋಪಿನಲ್ಲಿ ಅಷ್ಟೇ ಸರಿಸಿಕೊಳ್ಳುತ್ತಾನೆ. ಇಬ್ಬರ ಗೆರೆಗಳೂ ಒಂದೇ ಲೆಕ್ಕದಲ್ಲಿರಬೇಕು. ಒಬ್ಬನದ್ದು ಮಿಲ್, ಇನ್ನೊಬ್ಬನದ್ದು ಎಂ.ಓ.ಎ. ಆದರೆ ಬೆಟ್ಟದ ಮೇಲೆ ಗುಣಾಕಾರ ಮಾಡುತ್ತಾ ಕೂರಬೇಕಾಗುತ್ತದೆ. ಪ್ರಾಣಿ ನೋಡಿ ತೀರ್ಮಾನಿಸಲಷ್ಟೇ ಸ್ಕೋಪ್ ಬೇಕಾದವರಿಗೆ ಈ ಗೆರೆಗಳು ಬೇಡವೇ ಬೇಡ, ಕಣ್ಣಿಗೆ ಅಡ್ಡ ಬರುತ್ತವೆ.

ದೂರ ಕಾಣುತ್ತದೆ ಅಂತ ದೂರ ಹೊಡೆಯಬಹುದು ಅಂತಲ್ಲ, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. 1,000 ಗಜ ತಲುಪಲು ಸಾಮಾನ್ಯ ಬೇಟೆಯ ಗುಂಡಿಗೆ ಒಂದೂವರೆ ಸೆಕೆಂಡಿನಷ್ಟು ಬೇಕು. ಅಷ್ಟರಲ್ಲಿ ಎಲ್ಕ್ ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಹಿಡಿದ ಗುರಿ ಹೊಟ್ಟೆಗೆ ಬೀಳುತ್ತದೆ. ಗಾಯಗೊಂಡ ಪ್ರಾಣಿ ಕಾಡು ಸೇರಿ ದಿನಗಟ್ಟಲೆ ನರಳುತ್ತದೆ. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಶುರುಮಾಡಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಇಂಥ ಅತಿ ದೂರದ ಹೊಡೆತವನ್ನು ಒಪ್ಪುವುದಿಲ್ಲ. ಪ್ರಾಣಿಗೆ ಅಪಾಯ ಗ್ರಹಿಸಿ ತಪ್ಪಿಸಿಕೊಳ್ಳುವ ಅವಕಾಶವೇ ಇಲ್ಲದಿದ್ದರೆ ಅದು ನ್ಯಾಯವಾದ ಬೇಟೆಯಲ್ಲ ಅನ್ನುವುದು ಅದರ ನಿಲುವು. ಕಾಗದದ ಗುರಿಗೆ, ಕಬ್ಬಿಣದ ತಟ್ಟೆಗೆ ಎಷ್ಟು ದೂರದಿಂದ ಬೇಕಾದರೂ ಹೊಡೆಯಲಿ. ಪ್ರಾಣಿಯ ವಿಷಯದಲ್ಲಿ ದೂರದಿಂದ ನೋಡಿ, ಹತ್ತಿರ ಹೋಗಿ ಹೊಡೆಯುವುದೇ ಸರಿ ಅಂತ ನನಗೂ ಅನಿಸುತ್ತದೆ.

ಅಂಗಡಿಯಲ್ಲಿ

ಅಂಗಡಿಯ ಒಳಗೆ ಎಲ್ಲ ಸ್ಕೋಪೂ ಚೆನ್ನಾಗಿಯೇ ಕಾಣುತ್ತದೆ. ಹೊರಗೆ ತಂದು ನೋಡಲು ಬಿಡಿ ಅಂತ ಕೇಳಿ. ದೂರದ ಸೈನ್ ಬೋರ್ಡಿನ ಸಣ್ಣ ಅಕ್ಷರ ಓದುತ್ತಾ ಜೂಮನ್ನು ನಿಧಾನವಾಗಿ ಏರಿಸಿ. ಎಲ್ಲಿಂದಾಚೆಗೆ ಅಕ್ಷರ ದೊಡ್ಡದಾಗುತ್ತಿದೆಯೇ ಹೊರತು ಸ್ಪಷ್ಟವಾಗುತ್ತಿಲ್ಲವೋ, ಆ ಸ್ಕೋಪಿನ ನಿಜವಾದ ಮೇಲಿನ ಅಂಕಿ ಅದೇ. ಬಿಳಿ ಆಕಾಶದ ಎದುರಿನ ಕರೆಂಟ್ ಕಂಬದ ಅಂಚಿಗೆ ನೇರಳೆ ಗೆರೆ ಇದೆಯಾ ನೋಡಿ. ಫೋಕಸ್ ತಿರುಗಿಸುವಾಗ ಚಿತ್ರ ಒಂದೇ ಜಾಗದಲ್ಲಿ ಟಕ್ಕೆಂದು ಕೂರಬೇಕು. "ಇದಾ, ಇನ್ನೂ ಸ್ವಲ್ಪ ಅತ್ತಲಾ" ಅಂತ ಹಿಂದೆ ಮುಂದೆ ಆಡಿಸುತ್ತಾ ಇರಬೇಕಾದರೆ ಅದನ್ನು ಬಿಡಿ. ದಪ್ಪ ಕೈಗವಸು ಹಾಕಿಕೊಂಡು ತಿರುಗಿಸಿ ನೋಡಿ, ಚಳಿಯಲ್ಲಿ ಬೆರಳು ಬರಿದಾಗಿರುವುದಿಲ್ಲ.

ಕನ್ನಡಕ ಹಾಕುವವರು ಕನ್ನಡಕದ ಸಮೇತ ನೋಡಬೇಕು. ಐಪೀಸಿನಿಂದ ಕಣ್ಣು ಎಷ್ಟು ದೂರದವರೆಗೆ ಇದ್ದರೆ ಪೂರ್ತಿ ಚಿತ್ರ ಕಾಣುತ್ತದೆ ಅನ್ನುವುದಕ್ಕೆ ಐ ರಿಲೀಫ್ ಅನ್ನುತ್ತಾರೆ. ಅದು 15 ಮಿ.ಮೀ.ಗಿಂತ ಕಮ್ಮಿ ಇದ್ದರೆ ಕನ್ನಡಕದವರಿಗೆ ಚಿತ್ರದ ಅಂಚು ಕತ್ತರಿಸಿ ಹೋಗುತ್ತದೆ. ಜೂಮಿನ ಎರಡೂ ತುದಿಯಲ್ಲಿ ಪರೀಕ್ಷಿಸಿ, ಕೆಲವದರಲ್ಲಿ ಅದು ಬದಲಾಗುತ್ತದೆ.

ಸೆಕೆಂಡ್ ಹ್ಯಾಂಡ್ ಸ್ಕೋಪಿಗೆ ಹೆದರಬೇಕಿಲ್ಲ. ಕಳಚಿ ಬೀಳುವ, ಸವೆಯುವ ಭಾಗ ಇದರಲ್ಲಿ ಕಮ್ಮಿ. ಅಮೆರಿಕದ ವೋರ್ಟೆಕ್ಸ್ ಕಂಪನಿಯಂತೂ ಜೀವಮಾನದ ಗ್ಯಾರಂಟಿಯನ್ನು ಮೊದಲು ಕೊಂಡವರಿಗಷ್ಟೇ ಸೀಮಿತ ಮಾಡಿಲ್ಲ, ಆಮೇಲೆ ಕೊಂಡವರಿಗೂ ಕೊಡುತ್ತದೆ. ಕೊಳ್ಳುವ ಮೊದಲು ರಾತ್ರಿ ಒಂದು ನಕ್ಷತ್ರಕ್ಕೆ ಹಿಡಿದು ನೋಡಿ. ಫೋಕಸ್ ತಪ್ಪಿಸಿದಾಗ ನಕ್ಷತ್ರ ದುಂಡನೆಯ ಬಿಲ್ಲೆಯಾಗಿ ಅರಳಬೇಕು, ಆ ಕಡೆ ತಿರುಗಿಸಿದರೂ ಈ ಕಡೆ ತಿರುಗಿಸಿದರೂ ಹಾಗೇ. ಒಂದು ಪಕ್ಕಕ್ಕೆ ಬಾಲ ಬಂದರೆ ಅದು ಎಲ್ಲೋ ಬಿದ್ದು ಗಾಜು ಜರುಗಿದೆ ಅಂತ ಅನುಮಾನಿಸಬೇಕು.

ಊರಲ್ಲಿ ಕೂತು ಇದನ್ನು ಓದುತ್ತಿರುವ ಹಕ್ಕಿ ಪ್ರಿಯರಿಗೆ ಇಲ್ಲಿರುವುದರಲ್ಲಿ ಮಿಲ್ ಗೆರೆಗಳೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಲಾಗೂ ಆಗುತ್ತದೆ. ಮಂಗೋಲಿಯಾದಲ್ಲಿ ಸಂಶೋಧಕರು ಕುತ್ತಿಗೆಗೆ ಪಟ್ಟಿ ತೊಡಿಸಿ ಬಿಟ್ಟ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಮೈಸೂರು ಕಡೆಯ ಕೆರೆಗಳಲ್ಲೂ ಕಂಡಿವೆ. ಆ ಪಟ್ಟಿಯ ಮೇಲಿನ ಅಕ್ಷರ, ಅಂಕಿಗಳನ್ನು ದಡದಿಂದಲೇ ಓದಿ ತಿಳಿಸಿದರೆ ಅದು ಯಾವ ಹಕ್ಕಿ, ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಅದಕ್ಕೆ 65 ಮಿ.ಮೀ. ಗಾಜು, ಅಲ್ಲಾಡದ ಟ್ರೈಪಾಡು ಸಾಕು. ಬೆಳಗ್ಗೆ ಎಂಟರೊಳಗೆ ಹೋಗಿ, ಆಮೇಲೆ ನೀರಿನ ಮೇಲಿನ ಗಾಳಿ ಕುದಿಯಲು ಶುರುವಾಗುತ್ತದೆ.